ಲಖನೌವನ್ನು ನವಾಬರ ನಗರ ಎನ್ನುವುದೇಕೆ?

ಗೋಮತಿ ನದಿಯ ದಡದಲ್ಲಿರುವ ಲಖನೌ ಹಳೆಯ ಊರೇ ಆದರೂ, 1775ರಲ್ಲಿ ಅವಧ್‌ನ ನವಾಬ ಆಸಫ್-ಉದ್-ದೌಲಾ ತನ್ನ ರಾಜಧಾನಿಯನ್ನು ಫೈಜಾಬಾದಿನಿಂದ ಇಲ್ಲಿಗೆ ಸ್ಥಳಾಂತರಿಸಿದ ಮೇಲೆಯೇ ಅದಕ್ಕೆ ಈ ಹೆಸರು ಒಪ್ಪುವ ಸ್ವರೂಪ ಬಂದಿತು. 1784ರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ದೊರೆಯಲೆಂದು ಅವನು ಕಟ್ಟಿಸಲಾರಂಭಿಸಿದ ಬಡಾ ಇಮಾಂಬಾಡಾದ (ಶಿಯಾ ಮುಸ್ಲಿಮರ ಮೊಹರಂ ಶೋಕಸಭೆಯ ಭವನ) ನಡುವಿನ ಸಭಾಂಗಣ ಸುಮಾರು 50 ಮೀಟರ್ ಉದ್ದವಿದ್ದು, ಅದರ ಕಮಾನು ಚಾವಣಿಗೆ ನಡುವೆ ಒಂದು ಕಂಬದ ಆಸರೆಯೂ ಇಲ್ಲ. ಈ ನಗರವನ್ನು ಅರಿಯಬಯಸುವವರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನನ್ನ ಭಾವನೆ. ಕಥಕ್ ನೃತ್ಯದ ಲಖನೌ ಘರಾಣೆ, ಚಿಕನ್ ಕಸೂತಿ, ‘ಮೊದಲು ತಾವು’ ಎನ್ನುವ ಉರ್ದು ಮಾತಿನ ಸೌಜನ್ಯ ಇವೆಲ್ಲ ಆ ದರ್ಬಾರಿನ ಪೋಷಣೆ ಪಡೆದವು. 1856ರಲ್ಲಿ ಕಂಪನಿ ಸರಕಾರ ದುರಾಡಳಿತದ ನೆಪವೊಡ್ಡಿ ಅವಧ್ ರಾಜ್ಯವನ್ನು ಕಬಳಿಸಿದ್ದರಿಂದ ಕೊನೆಯ ನವಾಬ ವಾಜಿದ್ ಅಲಿ ಶಾ ಕಲ್ಕತ್ತೆ ಸೇರಬೇಕಾಯಿತು. ಮರುವರ್ಷವೇ ಅವನ ಪತ್ನಿ ಬೇಗಂ ಹಜರತ್ ಮಹಲ್ ನೇತೃತ್ವದಲ್ಲಿ ನಗರ ಬಂಡೆದ್ದಿತು. ಬ್ರಿಟಿಷ್ ಪ್ರತಿನಿಧಿಯ ನಿವಾಸವಾಗಿದ್ದ ರೆಸಿಡೆನ್ಸಿಯ ಪಾಳುಗೋಡೆಗಳಲ್ಲಿ ಆಗಿನ ಫಿರಂಗಿ ಗುಂಡುಗಳ ಗುರುತುಗಳು ಇಂದಿಗೂ ಇವೆ.