ಕಲ್ಲಿನಲ್ಲಿ ಮಸಿ ಹುಡುಕಬೇಡಿ

ಚೀನಾದ ತಾಂಗ್ ಕಾಲದ ಕುಂಚಲಿಪಿಕಾರ ಯಾನ್ ಝೆನ್‌ಚಿಂಗ್ ಕುರಿತ ನಿಮ್ಮ ಲೇಖನ ಓದಿದೆ. ಇಸವಿಗಳು ಸರಿಯಾಗಿವೆ, ಭಾಷೆ ಸಲೀಸಾಗಿದೆ. 785ರಲ್ಲಿ ಬಂಡುಕೋರ ಲೀ ಶೀಲಿಯೆ ಎಪ್ಪತ್ತು ದಾಟಿದ ಈ ಮುದುಕನನ್ನು ಕೊಲ್ಲಿಸಿದ ಭಾಗವಂತೂ ಹಾಗೇ ಅಚ್ಚಿಗೆ ಹೋಗಬಹುದು. ಆದರೂ ಲೇಖನ ಹಿಂದಕ್ಕೆ ಕಳಿಸುತ್ತಿದ್ದೇನೆ. ಮೂರನೆಯ ಮತ್ತು ಐದನೆಯ ಪ್ಯಾರಾ ಓದಿ ಸಿಟ್ಟು ಬಂತು. ಮಿಕ್ಕದ್ದರ ಗೊಡವೆಗೆ ಹೋಗುವುದಿಲ್ಲ.

ಮೂರನೆಯ ಪ್ಯಾರಾದಲ್ಲಿ, "ದುವೊಬಾವೊ ಪಗೋಡದ ಶಾಸನದಲ್ಲಿ ಮಸಿ ಒಮ್ಮೆ ದಟ್ಟವಾಗಿ, ಒಮ್ಮೆ ತೆಳುವಾಗಿ ಹರಿಯುತ್ತದೆ" ಎಂದಿದ್ದೀರಿ. ಎಲ್ಲಿ ಹರಿಯುತ್ತದೆ ಸ್ವಾಮಿ? ಅದು 752ರ ಕಲ್ಲು, ಈಗ ಶಿಯಾನ್ ನಗರದ ಶಾಸನ ಸಂಗ್ರಹಾಲಯದಲ್ಲಿದೆ. ಯಾನ್ ಬರೆದುಕೊಟ್ಟ, ಶೀ ಹುವಾ ಎಂಬಾತ ಕೆತ್ತಿದ. ನೀವು ನೋಡಿದ ಚಿತ್ರ ಅದರ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಗೆರೆಯ ಗುಳಿಯೊಳಕ್ಕೆ ಇಳಿಸುತ್ತಾರೆ. ಅರೆಬರೆ ಒಣಗಿದ ಮೇಲೆ ಮಸಿ ಸವರಿದ ಬಟ್ಟೆಯುಂಡೆಯಿಂದ ಒತ್ತುತ್ತಾರೆ. (ನಮ್ಮ ಶಾಸನತಜ್ಞರು ಪಡಿಯಚ್ಚು ತೆಗೆಯುವುದೂ ಹೆಚ್ಚುಕಡಿಮೆ ಹೀಗೆಯೇ.) ಮಸಿ ಕೂರುವುದು ಕಲ್ಲಿನ ಮೈಮೇಲೆ, ಅಕ್ಷರ ಬಿಳಿಯಾಗಿಯೇ ಉಳಿಯುತ್ತದೆ. ನೀವು ಕೊಂಡಾಡಿದ ಏರಿಳಿತ ಯಾನ್‌ನದಲ್ಲ, ಉಂಡೆ ಹಿಡಿದವನದು.

ಕಲ್ಲಿನಲ್ಲಿ ನೋಡಬೇಕಾದದ್ದು ಗೆರೆಯ ಆಕಾರ. ಅಡ್ಡಗೆರೆ ತೆಳು, ನೆಟ್ಟಗೆರೆ ದಪ್ಪ. ಎದುರುಬದುರು ನಿಂತ ಎರಡು ನೆಟ್ಟಗೆರೆಗಳು ಹೊರಕ್ಕೆ ಬಾಗಿ ಅಕ್ಷರದ ಒಡಲನ್ನು ಅಗಲ ಮಾಡುತ್ತವೆ. ಬಲಕ್ಕೆ ಇಳಿಯುವ ಓರೆಗೆರೆಯ ಕೊನೆಯಲ್ಲಿ ಕುಂಚವನ್ನು ಒತ್ತಿ, ತಡೆದು, ಎತ್ತುವುದರಿಂದ ಸಣ್ಣದೊಂದು ಕಚ್ಚು ಬೀಳುತ್ತದೆ. ಈ ಶಾಸನದ ಪಕ್ಕಕ್ಕೆ 779ರಲ್ಲಿ ಮುತ್ತಜ್ಜ ಯಾನ್ ಚಿನ್‌ಲಿಗಾಗಿ ಬರೆದದ್ದನ್ನು ಇಟ್ಟು ನೋಡಿ. ಬಹುಕಾಲ ಕಣ್ಮರೆಯಾಗಿದ್ದ ಆ ಕಲ್ಲು 1922ರಲ್ಲಿ ಮತ್ತೆ ಸಿಕ್ಕಿತು. ಪದೇಪದೇ ಪಡಿಯಚ್ಚು ತೆಗೆದು ಸವೆಯದ ಕಾರಣ ಅಂಚುಗಳು ಇನ್ನೂ ಚೂಪಾಗಿವೆ. ಮೊದಲನೆಯದು ಅಚ್ಚುಕಟ್ಟು, ತುಸು ಇಕ್ಕಟ್ಟು. ಎರಡನೆಯದರಲ್ಲಿ ಗೆರೆ ಮೈತುಂಬಿಕೊಂಡಿದೆ, ಒಳಗೆ ಗಾಳಿಯಾಡುತ್ತದೆ. "ಗಂಭೀರ ಶೈಲಿ" ಎಂದು ನಾಲ್ಕು ಸಲ ಬರೆಯುವ ಬದಲು ಇದನ್ನು ಒಂದು ಸಲ ಬರೆಯಿರಿ. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯ ಸಂಪಾದಕರು ಇಂಥ ವಿಶೇಷಣಗಳಿಗೆ ಕೆಂಪು ಸುತ್ತು ಹಾಕಿ, ಅಂಚಿನಲ್ಲಿ "ಎಲ್ಲಿ ಕಂಡಿರಿ?" ಎಂದಷ್ಟೇ ಬರೆದು ಹಿಂದಿರುಗಿಸುತ್ತಿದ್ದರು. ನನ್ನ ಮಾತೂ ಅಷ್ಟೇ.

ಐದನೆಯ ಪ್ಯಾರಾ, 758ರ ಶೋಕಪತ್ರದ್ದು, ಇನ್ನೂ ಕೆಟ್ಟಿದೆ. ಹಿನ್ನೆಲೆ ಸರಿಯಾಗಿಯೇ ಕೊಟ್ಟಿದ್ದೀರಿ: ತಾಂಗ್ ದೊರೆಯ ವಿರುದ್ಧ ಸೇನಾಪತಿ ಆನ್ ಲೂಶಾನ್ ಎದ್ದ ದಂಗೆಯಲ್ಲಿ ಚಾಂಗ್‌ಶಾನ್ ಪಟ್ಟಣ ಬಿದ್ದದ್ದು, ಯಾನ್‌ಗೆ ಅಣ್ಣನ ವರಸೆಯ ಗಾವ್‌ಚಿಂಗ್ ಮತ್ತು ಅವನ ಮಗ ಜಿಮಿಂಗ್ ಹತರಾದದ್ದು, ಕೊನೆಗೆ ಹುಡುಗನ ತಲೆಯಷ್ಟೇ ಸಿಕ್ಕಿದ್ದು. ಇಷ್ಟು ಹೇಳಿ, "ಅವನು ಬರೆಯಲಿಲ್ಲ, ನೋವೇ ಬರೆಯಿತು" ಎಂದು ಕೈತೊಳೆದುಕೊಂಡಿರಿ.

ನೋವು ತಾನೇ ಬರೆದಿದ್ದರೆ ಇಷ್ಟೊಂದು ಚಿತ್ತು ಏಕೆ? ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿರುವುದು ಕರಡು, 23 ಸಾಲು, ಮುಕ್ಕಾಲು ಮೀಟರ್ ಉದ್ದದ ಕಾಗದ. ಆರಂಭದಲ್ಲಿ ತಿಂಗಳು, ತಿಥಿ, ಪದವಿ ಎಲ್ಲವೂ ಕ್ರಮವಾಗಿ ಬರುತ್ತವೆ. ಅಲ್ಲೇ ತನ್ನ ಬಿರುದಿನ ಒಂದಕ್ಷರ ಬಿಟ್ಟುಹೋಗಿದೆ, ಯಾನ್ ಅದನ್ನು ಗಮನಿಸಿಲ್ಲ. ನಡುವೆ, ದ್ರೋಹಿ ದಂಡು ಇಟ್ಟುಕೊಂಡೂ ನೆರವಿಗೆ ಬರಲಿಲ್ಲ ಎಂದು ಆರಕ್ಷರದಲ್ಲಿ ಬರೆದವನು ಅದನ್ನು ಹೊಡೆದುಹಾಕಿ "ದ್ರೋಹಿ ನೆರವಾಗಲಿಲ್ಲ" ಎಂದು ನಾಲ್ಕಕ್ಷರಕ್ಕೆ ಇಳಿಸುತ್ತಾನೆ. ಆ ಶೋಕವಾಕ್ಯಗಳೆಲ್ಲ ನಾಲ್ಕು ನಾಲ್ಕು ಅಕ್ಷರದ ಗತಿಯಲ್ಲಿವೆ: ತಂದೆ ಸೆರೆಯಾದ, ಮಗ ಸತ್ತ, ಗೂಡು ಮಗುಚಿತು, ಮೊಟ್ಟೆ ಒಡೆಯಿತು. ತನ್ನ ಬಿರುದು ತಪ್ಪಿದರೂ ಕಾಣದವನಿಗೆ ಹುಡುಗನ ಸಾಲಿನಲ್ಲಿ ಎರಡಕ್ಷರ ಹೆಚ್ಚಾದದ್ದು ಕಂಡಿತು. ನೀವು ಬರೆಯಬೇಕಿದ್ದದ್ದು ಇದನ್ನು.

ನಿಮ್ಮ ಮಸಿಯ ಮಾತಿಗೂ ಜಾಗ ಇಲ್ಲೇ ಇದೆ. ಯಾನ್ ಕುಂಚವನ್ನು ಮತ್ತೆ ಮತ್ತೆ ಅದ್ದುವುದಿಲ್ಲ. ಕಪ್ಪಾಗಿ ಹೊರಟ ಗೆರೆ ಮಸಿ ತೀರುತ್ತ ಒಣಗಿ, ಎಳೆಎಳೆಯಾಗಿ, ನಡುವೆ ಕಾಗದದ ಬಿಳಿ ಇಣುಕುತ್ತದೆ. ಆಮೇಲೆ ಥಟ್ಟನೆ ದಟ್ಟವಾಗುವ ಅಕ್ಷರ ಸಿಕ್ಕರೆ, ಮಸಿ ಅದ್ದಿದ್ದು ಅಲ್ಲಿ. ಒಣಗಿದಾಗಲೂ ಗೆರೆ ಬಡಕಲಾಗುವುದಿಲ್ಲ, ಏಕೆಂದರೆ ಕುಂಚದ ಮೊನೆಯನ್ನು ಗೆರೆಯ ನಡುವೆಯೇ ನಡೆಸುತ್ತಾನೆ. ಮೊನೆ ಅಂಚಿಗೆ ಸರಿದರೆ ಒಂದು ಬದಿ ಹರಿದಂತಾಗುತ್ತದೆ. ಕೊನೆಕೊನೆಗೆ ಅಕ್ಷರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುತ್ತವೆ.

ಐದನೆಯ ಪ್ಯಾರಾ ಎರಡು ಪುಟವಾದರೂ ಅಡ್ಡಿಯಿಲ್ಲ. ಮೂರನೆಯದನ್ನು ಅರ್ಧಕ್ಕೆ ಇಳಿಸಿ. ಮೂಲದ ದೊಡ್ಡ ಚಿತ್ರ ಎದುರಿಗಿಟ್ಟುಕೊಂಡು ಹೊಡೆದುಹಾಕಿದ ಅಕ್ಷರಗಳನ್ನು ಮೊದಲು ಗುರುತು ಮಾಡಿಕೊಳ್ಳಿ, ಆಮೇಲೆ ಬರೆಯಿರಿ. ಲೀ ಶೀಲಿಯೆ ಭಾಗವನ್ನು ಮುಟ್ಟಬೇಡಿ. ಬರೆದ ಮೇಲೆ ನೇರವಾಗಿ ನನಗೇ ಕಳಿಸಿ.