ಮಳೆಗಾಲದಲ್ಲಿ ಅರ್ಧಕ್ಕೆ ನಿಂತ ಅಪ್‌ಡೇಟ್

ಪ್ರಶ್ನೆ: ತೋಟದ ಜಮಾಖರ್ಚು, ಕೊನೆಗಾರರ ಕೂಲಿ, ಮಂಡಿಗೆ ಹಾಕಿದ ಅಡಿಕೆಯ ವಿವರ ಎಲ್ಲವೂ ವಿಂಡೋಸ್ 11 ಇರುವ ಡೆಸ್ಕ್‌ಟಾಪ್‌ನಲ್ಲಿದೆ. ಅಪ್‌ಡೇಟ್ ಆಗುತ್ತಿದ್ದಾಗಲೇ ಗಾಳಿಮಳೆಗೆ ಕರೆಂಟ್ ಹೋಯಿತು. ಅಂದಿನಿಂದ ಲೋಗೊ ಕಾಣಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ. ಫಾರ್ಮ್ಯಾಟ್ ಮಾಡದೆ ದಾರಿಯಿಲ್ಲ ಎಂದು ರಿಪೇರಿಯವರು ಹೇಳುತ್ತಾರೆ. ಲೆಕ್ಕವೆಲ್ಲ ಹೋಗಿಬಿಡುತ್ತದೆಯೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಈಗಲೇ ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಅಪ್‌ಡೇಟ್ ಬದಲಾಯಿಸುವುದು ವಿಂಡೋಸ್‌ನ ಸ್ವಂತ ಕಡತಗಳನ್ನೇ ಹೊರತು ನಿಮ್ಮ ಲೆಕ್ಕದ ಕಡತಗಳನ್ನಲ್ಲ. ಡಿಸ್ಕ್‌ಗೇ ಪೆಟ್ಟು ಬಿದ್ದಿಲ್ಲವಾದರೆ ಅವು ಇದ್ದಲ್ಲಿಯೇ ಇರುತ್ತವೆ.

ಲೋಗೊ ಕಾಣಿಸಿದೊಡನೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನು ಆಫ್ ಮಾಡಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂಬುವನ್ನು ಒಂದಾದ ಮೇಲೊಂದರಂತೆ ಆರಿಸಿದಾಗ ಕ್ವಾಲಿಟಿ ಮತ್ತು ಫೀಚರ್ ಎಂಬ ಎರಡು ಬಗೆಯ ಅಪ್‌ಡೇಟ್‌ಗಳು ಕಾಣಿಸುತ್ತವೆ. ತಿಂಗಳಿಗೊಮ್ಮೆ ಬರುವ ಭದ್ರತಾ ಅಪ್‌ಡೇಟ್ ಮೊದಲಿನದಕ್ಕೆ ಸೇರುವುದರಿಂದ ಅದನ್ನೇ ಮೊದಲು ತೆಗೆಯಿರಿ. ಅದರಿಂದ ಆಗದಿದ್ದರೆ ಸ್ಟಾರ್ಟ್‌ಅಪ್ ರಿಪೇರ್, ಅನಂತರ ಸಿಸ್ಟಮ್ ರಿಸ್ಟೋರ್ ಪ್ರಯತ್ನಿಸಿ.

ನಡುವೆ ಬಿಟ್‌ಲಾಕರ್ (ಡಿಸ್ಕ್‌ನ ಕಡತಗಳಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಕೀಲಿ ಕೇಳಿದರೆ ಗಾಬರಿಯಾಗಬೇಡಿ. ಕಂಪ್ಯೂಟರನ್ನು ಮೈಕ್ರೋಸಾಫ್ಟ್ ಖಾತೆಯಿಂದ ಸಿದ್ಧಪಡಿಸಿದ್ದರೆ 48 ಅಂಕಿಗಳ ಆ ಕೀಲಿ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಲ್ಲಿ ಖಾತೆ ತೆರೆದು ನೋಡಿಕೊಳ್ಳಬಹುದು. ಕೀಲಿ ಕೈಯಲ್ಲಿಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಕಡತಗಳು ತೆರೆಯುವುದಿಲ್ಲ. ಆದ್ದರಿಂದ ಅದನ್ನು ಇಂದೇ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಇಷ್ಟಾದರೂ ಯಂತ್ರ ಏಳದಿದ್ದರೆ, ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್‌ಗೆ ಬದಲಿಯಾದ ಇನ್ನೊಂದು ವ್ಯವಸ್ಥೆ) ನಡೆಸಿ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಡುವಂತೆ ರಿಪೇರಿಯವರನ್ನು ಕೇಳಿ. ನಕಲು ನಿಮ್ಮ ಕೈಸೇರಿ, ನಾಲ್ಕಾರು ಕಡತಗಳನ್ನು ನೀವೇ ತೆರೆದು ನೋಡಿದ ಮೇಲಷ್ಟೇ ಫಾರ್ಮ್ಯಾಟ್ ಮಾತು. ವರ್ಷಗಳ ಲೆಕ್ಕವನ್ನು ಅರ್ಧ ಗಂಟೆಯ ಅನುಕೂಲಕ್ಕಾಗಿ ಅಳಿಸುವುದು ನನ್ನ ಮಟ್ಟಿಗೆ ದುರಸ್ತಿಯೇ ಅಲ್ಲ.

ಪ್ರಶ್ನೆ: ಮಳೆಗಾಲ ಮುಗಿಯುವವರೆಗೆ ಅಪ್‌ಡೇಟ್ ನಿಲ್ಲಿಸಬಹುದೇ?
– ಹೊಸನಗರದ ಓದುಗರು

ಉತ್ತರ: ಪೂರ್ತಿ ನಿಲ್ಲಿಸುವುದು ಬೇಡ, ಹಣದ ವ್ಯವಹಾರ ಮಾಡುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಬೇಕೇ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿರುವ ಪಾಝ್ (Pause) ಸೌಲಭ್ಯ ಕೆಲವು ವಾರಗಳ ಮಟ್ಟಿಗೆ ಮಾತ್ರ ಅವನ್ನು ತಡೆಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ಅದು ಸಾಲದು. ತಿಂಗಳ ಅಪ್‌ಡೇಟ್ ಎರಡನೆಯ ಮಂಗಳವಾರ ಹೊರಬೀಳುತ್ತದೆ, ನಮಗೆ ಅದು ರಾತ್ರಿಯ ಹೊತ್ತು. ಅದು ಡೌನ್‌ಲೋಡ್ ಆದ ಮೇಲೆ ಕರೆಂಟ್ ಹೋಗದೆಂಬ ಭರವಸೆಯಿರುವ ಹಗಲು ನೋಡಿ ನೀವೇ ರೀಸ್ಟಾರ್ಟ್ ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ. ರೀಸ್ಟಾರ್ಟ್ ಹೊತ್ತಿನ ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲವಾದ್ದರಿಂದ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ.