ಮೀಸೆ ಅಂಕಲ್

ಹಾಸನದ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): “ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಶಿವಮೊಗ್ಗದಿಂದ ಒಳ್ಳೇ ಸಂಬಂಧ ಬಂದಿದೆ. ಹುಡುಗನ ತಂದೆ ಈಗಲೂ ದಿನಾ ತೋಟ ಸುತ್ತಿ ಬರುವ ಗಟ್ಟಿ ಆಳು. ಫೋಟೊ ನೋಡಿ ನನಗೆ ‘ಎಷ್ಟು ಲಕ್ಷಣವಾಗಿದ್ದಾನೆ’ ಅನಿಸಿತು. ಮಗಳು ಮಾತ್ರ ‘ಅಯ್ಯೋ, ಮೀಸೆ ಅಂಕಲ್’ ಅಂದಳು. ಅವಳಿಗೆ ಕೊರಿಯಾ ಧಾರಾವಾಹಿಯ ಹುಡುಗರೇ ಚೆಂದ. ನನಗೋ ಅವರು ಲಿಪ್‌ಸ್ಟಿಕ್ ಹಚ್ಚಿದ ಹುಡುಗಿಯರ ಹಾಗೆ ಕಾಣುತ್ತಾರೆ. ನಮ್ಮಿಬ್ಬರಲ್ಲಿ ಯಾರ ಕಣ್ಣು ಕೆಟ್ಟಿದೆ?”

ನಮಸ್ಕಾರ. ಕಣ್ಣಿನ ಡಾಕ್ಟರ ಹತ್ತಿರ ಇಬ್ಬರೂ ಹೋಗಬೇಕಿಲ್ಲ. ನನ್ನದೇ ಒಂದು ಕತೆ ಹೇಳುತ್ತೇನೆ.

ನಮ್ಮ ತಂದೆ ತೀರಿಕೊಂಡಾಗ ಕರ್ಮಕ್ಕೆ ಕೂರುವ ಮೊದಲು ನನ್ನ ತಲೆ, ಮೀಸೆ ಎರಡನ್ನೂ ಬೋಳಿಸಿದರು. ತಲೆಯ ಬಗ್ಗೆ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮೀಸೆ ಹೋದ ಜಾಗವನ್ನು ಮಾತ್ರ ನನ್ನ ಹೆಂಡತಿ ನೋಡುತ್ತಲೇ ಇರಲಿಲ್ಲ. ಕಾಫಿ ಲೋಟ ಕೊಡುವಾಗಲೂ ಅವಳ ಕಣ್ಣು ನನ್ನ ಭುಜದಾಚೆಯ ಗೋಡೆಯ ಮೇಲೆ. ಮೂರು ವಾರ ಕಳೆದು ಮೇಲ್ತುಟಿ ಕಪ್ಪಗಾದ ದಿನ, “ಈಗ ಮನುಷ್ಯರ ಥರ ಆದ್ರಿ” ಅಂದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೀಸೆ ತೆಗೆದ ಗಂಡಸು ಎದುರಾದರೆ ಮೊದಲು ಕೇಳುವುದೇ “ಯಾರು ಹೋದ್ರು?” ಎಂದು. ಅಂಥ ಊರಲ್ಲಿ ಬೆಳೆದವರಿಗೆ ಬೋಳು ಮೇಲ್ತುಟಿಯಲ್ಲಿ ಚೆಲುವಿಗಿಂತ ಮೊದಲು ಸೂತಕ ಕಾಣುತ್ತದೆ. ನಿಮ್ಮ ಮಗಳ ಆಫೀಸಿನಲ್ಲಿ ಅರ್ಧಕ್ಕರ್ಧ ಹುಡುಗರು ದಿನಾ ಬೆಳಗ್ಗೆ ಮೀಸೆ ಬೋಳಿಸಿಕೊಂಡೇ ಬರುತ್ತಾರೆ, ಅವರ ತಂದೆಯರೆಲ್ಲ ಸುಖವಾಗಿದ್ದಾರೆ.

ಹಾಗಂತ ಮೀಸೆಯಿಲ್ಲದ ಚೆಲುವು ನಿಮಗೆ ಹೊಸದಲ್ಲ. ದೇವರಮನೆಯ ಕ್ಯಾಲೆಂಡರಿನ ಕೃಷ್ಣನನ್ನೊಮ್ಮೆ ನೋಡಿ: ನುಣ್ಣನೆಯ ಕೆನ್ನೆ, ಕೆಂದುಟಿ, ಕಾಡಿಗೆ ತೀಡಿದಂಥ ಕಣ್ಣು. ರಾಮನೂ ಹಾಗೆಯೇ. ಹುರಿಮೀಸೆ ಏನಿದ್ದರೂ ವೀರಭದ್ರನಿಗೆ, ಮೈಲಾರಲಿಂಗನಿಗೆ. ದಿನಾ ದೀಪ ಹಚ್ಚಿ ಕೈ ಮುಗಿಯುವ ಮುಖವೇ ಅಳಿಯನಾಗಿ ಬಂದರೆ ಹುಡುಗಿಯ ಹಾಗೆ ಕಾಣುತ್ತದೆ ಅಂದರೆ, ದೇವರಿಗೊಂದು ಲೆಕ್ಕ, ಅಳಿಯನಿಗೊಂದು ಲೆಕ್ಕ ಅಂತಾಯಿತು!

ಕೊರಿಯಾದವರೂ ಮೊದಲಿಂದ ಹೀಗಿರಲಿಲ್ಲ. ಜೋಸನ್ ಅರಸರ ಕಾಲದಲ್ಲಿ ಮರ್ಯಾದಸ್ಥ ಗಂಡಸಿಗೆ ಗಡ್ಡ ಬೇಕು, ನೆತ್ತಿಯ ಮೇಲೆ ಜುಟ್ಟು ಬೇಕು. ಹೆತ್ತವರು ಕೊಟ್ಟ ಕೂದಲಿಗೆ ಕತ್ತರಿ ಹಾಕುವುದು ಕನ್‌ಫ್ಯೂಷಿಯಸ್ ನೀತಿಯಲ್ಲಿ ಅಪಚಾರ. 1895ರಲ್ಲಿ ಜುಟ್ಟು ಕತ್ತರಿಸಿಕೊಳ್ಳಿ ಎಂದು ಸರ್ಕಾರವೇ ಆಜ್ಞೆ ಹೊರಡಿಸಿದಾಗ ಜನ ತಿರುಗಿಬಿದ್ದರು. ಅದೇ ನಾಡಿನಲ್ಲಿ ಇವತ್ತು ‘ಕೊನ್‌ಮಿನಾಮ್’ ಎಂಬ ಮಾತಿದೆ. ಹೂವಿನಂಥ ಚೆಲುವ ಎಂದರ್ಥ. ಇನ್ನು ಇರಾನಿನದು ಬೇರೆಯೇ ಕತೆ. ಅಲ್ಲಿ 19ನೇ ಶತಮಾನದ ಕಜಾರ್ ದೊರೆಗಳ ಕಾಲದಲ್ಲಿ ಹೆಂಗಸರ ಮೇಲ್ತುಟಿಯ ನವಿರು ಕೂದಲೇ ಚೆಲುವಿನ ಗುರುತು, ಅದು ಎದ್ದು ಕಾಣಲೆಂದು ಬಣ್ಣ ತೀಡಿಕೊಳ್ಳುವುದೂ ಇತ್ತು. ನಮ್ಮ ಹುಡುಗಿಯರು ಪಾರ್ಲರಿನಲ್ಲಿ ಕಣ್ಣೀರು ಹಾಕುತ್ತಾ ದಾರದಲ್ಲಿ ಕೀಳಿಸುವುದು ಅದನ್ನೇ.

ಎಲ್ಲವೂ ಸಂಸ್ಕೃತಿಯೇ ಕಲಿಸಿದ್ದು ಎಂದರೂ ತಪ್ಪಾಗುತ್ತದೆ. ದೊಡ್ಡವರು ಚೆಂದ ಎಂದ ಮುಖಗಳನ್ನು ಕೆಲವೇ ತಿಂಗಳ ಕೂಸುಗಳೂ ಹೆಚ್ಚು ಹೊತ್ತು ನೋಡುತ್ತವೆ ಎಂದು 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಜುಡಿತ್ ಲ್ಯಾಂಗ್ಲೋಯ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು 2015ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನ. 547 ಜೋಡಿ ತದ್ರೂಪಿ ಅವಳಿಗಳಿಗೂ 214 ಜೋಡಿ ಬೇರೆ ಅವಳಿಗಳಿಗೂ ಮುಖಗಳನ್ನು ತೋರಿಸಿ ಅಂಕ ಕೊಡಿಸಿದರು. ಎಲ್ಲರೂ ಒಪ್ಪಿದ್ದು ಒಂದಷ್ಟು ಇತ್ತು, ಅಷ್ಟೇ ಪಾಲು ಅವರವರ ಸ್ವಂತ ರುಚಿಯೂ ಇತ್ತು. ಆ ಸ್ವಂತ ರುಚಿ ರಕ್ತದಿಂದ ಬಂದದ್ದು ಕಡಿಮೆ, ಒಂದೇ ಮನೆಯಲ್ಲಿ ಬೆಳೆದದ್ದರಿಂದ ಬಂದದ್ದೂ ಕಡಿಮೆ. ಹೆಚ್ಚಿನದೆಲ್ಲ ಅವರವರೇ ಪಟ್ಟ ಅನುಭವದಿಂದ ಬಂದದ್ದು. ಒಟ್ಟಿಗೆ ಹುಟ್ಟಿದವರ ಕಣ್ಣೇ ಹೀಗಿದ್ದರೆ, ಒಂದು ತಲೆಮಾರು ಅಂತರದ ತಾಯಿ ಮಗಳ ಮಾತೇನು?

ನಿಮ್ಮ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ತಾ.ಕ. ಇದೆ: “ಮಗಳ ಜೊತೆ ಕೂತು ಹದಿನಾರು ಕಂತೂ ನೋಡಿದೆ. ಆ ಹುಡುಗ ಕೊನೆಕೊನೆಗೆ ಪಾಪ ಅನಿಸಿದ, ನಗು ಚೆನ್ನಾಗಿದೆ.” ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದರೆ ಸಾಕು, ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಜಾಯಾನ್ಸ್ ಎಂಬ ಮನೋವಿಜ್ಞಾನಿ 1968ರಲ್ಲೇ ಬರೆದಿದ್ದರು. ನೀವು ಹದಿನಾರು ಕಂತಿನಲ್ಲಿ ಅದನ್ನು ಮಾಡಿ ತೋರಿಸಿದ್ದೀರಿ.

ಶಿವಮೊಗ್ಗದ ಹುಡುಗನಿಗೆ ಸಿಕ್ಕಿರುವುದು ಒಂದೇ ಒಂದು ಫೋಟೊ, ಅದೂ ಸ್ಟುಡಿಯೊದ್ದು, ಉಸಿರು ಬಿಗಿಹಿಡಿದು ನಿಂತದ್ದು. ಇಬ್ಬರೂ ನಾಲ್ಕು ಸಲ ವಿಡಿಯೊ ಕಾಲ್‌ನಲ್ಲಿ ಮಾತಾಡಲಿ, ಅವನು ನಗುವುದನ್ನು ಅವಳೂ ನೋಡಲಿ. ಆಮೇಲೂ ಬೇಡ ಅಂದರೆ ಬೇಡ. ಮೀಸೆ ಬೋಳಿಸಿಕೊಂಡು ಬಾ ಎಂದು ಮಾತ್ರ ಹೇಳಿಕಳಿಸಬೇಡಿ. ಅವನ ತಂದೆ ಗಟ್ಟಿಯಾಗಿದ್ದಾರೆ ಎಂದು ನೀವೇ ಬರೆದಿದ್ದೀರಿ.

— ಸಂ.